ಒಂದು ಸೀರೆ, ನಾಲ್ಕು ನಾಯಕಿಯರು

ಗೆಳೆಯರೇ, ನಮ್ಮ ಸಿನಿಮಾಗಳಲ್ಲಿ ಮದುವೆ ಎಷ್ಟು ಹೊತ್ತು ನಡೆಯುತ್ತದೆ ಅಂತ ಎಂದಾದರೂ ಗಡಿಯಾರ ನೋಡಿದ್ದೀರಾ? ವಾಲಗ ಶುರುವಾಯಿತು, ಪುರೋಹಿತರು ‘ಗಟ್ಟಿಮೇಳ’ ಅಂದರು, ಹೀರೋಯಿನ್ ತಲೆ ತಗ್ಗಿಸಿದಳು, ಅಷ್ಟರಲ್ಲಿ ಬಾಗಿಲ ಹತ್ತಿರ ಒಬ್ಬ ‘ನಿಲ್ಲಿಸಿ!’ ಅಂತ ಕೂಗಿದ. ಮುಗೀತು! ಎಲ್ಲ ಸೇರಿ ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಉಟ್ಟ ಧಾರೆ ಸೀರೆ ಪ್ಯಾಕಪ್ ಆದ ಮೇಲೆ ಕಾಸ್ಟ್ಯೂಮ್ ಪೆಟ್ಟಿಗೆಗೆ ವಾಪಸ್. ಮುಂದಿನ ಚಿತ್ರದಲ್ಲಿ ಅದೇ ಸೀರೆ ನಾಯಕಿಯ ಅತ್ತಿಗೆ ಮೈಮೇಲೆ ಬಂದರೂ ಬರಬಹುದು. ನಾವು ನೋಡೋದು ಹೀರೋಯಿನ್ ಮುಖವನ್ನ, ಸೀರೆ ಯಾರಿಗೆ ನೆನಪಿರುತ್ತೆ ಹೇಳಿ?

ಈ ವಾರ ಆ ಸೀರೆ ಬಗ್ಗೇನೇ ಬರೀತೀನಿ. ಪುಟ ತಿರುವಬೇಡಿ ಮಾರಾಯ್ರೇ! ಹೀರೋಗಳ ಜಗಳ, ಹೊಸ ಮುಹೂರ್ತ, ಕಟೌಟಿನ ಎತ್ತರ ಎಲ್ಲ ಪಕ್ಕದ ಪುಟಗಳಲ್ಲಿ ಇದ್ದೇ ಇದೆ. ಬಸ್ಸು ಬರೋದಕ್ಕೆ ಇನ್ನೂ ಹೊತ್ತಿದ್ದರೆ ಇದನ್ನೂ ಓದಿ.

ಸೀರೆಯ ಬೆಲೆ ತಿಳಿದ ಜನ ನಮ್ಮ ಚಿತ್ರರಂಗದಲ್ಲೇ ಇದ್ದರು. 1997ರ ‘ತಾಯಿ ಸಾಹೇಬ’ ಚಿತ್ರಕ್ಕೆ ಸ್ವರ್ಣಕಮಲ ಬಂದದ್ದು ಬಹಳ ಜನಕ್ಕೆ ನೆನಪಿದೆ. ಅದೇ ಚಿತ್ರದ ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅದಕ್ಕೂ ಹಿಂದೆ ಪ್ರೇಮಾ ಕಾರಂತರು ‘ಹಂಸಗೀತೆ’ಗೆ ಉಡುಪು ಹೊಂದಿಸಿದ್ದರು. ಆಮೇಲೆ ಅವರೇ ನಿರ್ದೇಶಕಿಯಾಗಿ ‘ಫಣಿಯಮ್ಮ’ ಮಾಡಿದರು. ಆ ಚಿತ್ರದ ಮಾತು ಮುಂದೆ ಬರುತ್ತೆ, ತಡೀರಿ.

ಈಗಿನ ತಾರೆಯರದ್ದೂ ಒಂದಿಷ್ಟು ಹೇಳಿಬಿಡ್ತೀನಿ. 2021ರ ಜೂನ್‌ನಲ್ಲಿ ಹಿಂದಿಯ ಯಾಮಿ ಗೌತಮ್ ಮದುವೆಯಾದಾಗ ಉಟ್ಟದ್ದು ತಾಯಿಯ 33 ವರ್ಷ ಹಳೆಯ ರೇಷ್ಮೆ ಸೀರೆ. ಆಲಿಯಾ ಭಟ್ 2022ರಲ್ಲಿ ತನ್ನ ಮದುವೆಗೆ ಉಟ್ಟ ಸೀರೆಯನ್ನೇ 2023ರ ಅಕ್ಟೋಬರ್‌ನಲ್ಲಿ ರಾಷ್ಟ್ರಪ್ರಶಸ್ತಿ ತೆಗೆದುಕೊಳ್ಳಲಿಕ್ಕೆ ಮತ್ತೆ ಉಟ್ಟುಕೊಂಡು ಹೋದಳು. ಪೇಪರಿನವರು ಅದನ್ನೇ ದೊಡ್ಡ ಸುದ್ದಿ ಮಾಡಿದರು. ಒಂದು ಸೀರೆಯನ್ನ ಎರಡನೇ ಸಲ ಉಡೋದು ಸುದ್ದಿಯಾಗೋ ಕಾಲ ನೋಡಿ ಸ್ವಾಮಿ ಇದು!

ಇನ್ನು ಲಂಡನ್ನಿನ ಕಡೆ ಒಂದು ಲಾಂಗ್ ಶಾಟ್. 1962ರ ಡಿಸೆಂಬರ್‌ನಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದ ಪ್ರೀಮಿಯರ್ ಆಯಿತು. ಎಲಿಜಬೆತ್ ರಾಣಿ ಬಂದಿದ್ದರು. ಅಂದು ಆಕೆ ತೊಟ್ಟ ಗೌನನ್ನೇ ಹಿಡಿಸಿ, ತೋಳು ಸೇರಿಸಿ, 2020ರ ಜುಲೈನಲ್ಲಿ ಮೊಮ್ಮಗಳು ಬಿಯಾಟ್ರಿಸ್ ತನ್ನ ಮದುವೆಗೆ ತೊಟ್ಟಳು. ಸಿನಿಮಾ ನೋಡಲಿಕ್ಕೆ ಅಜ್ಜಿ ತೊಟ್ಟ ಬಟ್ಟೆ, ಮೊಮ್ಮಗಳ ಮದುವೆ ಬಟ್ಟೆ! ಅರಮನೆಯವರು ಏನು ಮಾಡಿದರೂ ಫೋಟೋ ಬರುತ್ತೆ.

ಅದೇ 1962ರಲ್ಲಿ ಹೊಸನಗರ ತಾಲ್ಲೂಕಿನಲ್ಲಿ, ಶರಾವತಿ ದಂಡೆಯ ಒಂದು ಹಳ್ಳಿಯಲ್ಲಿ, ನಮ್ಮಜ್ಜಿಯ ಮದುವೆಯಾಯಿತು. ಫೋಟೋ ಇಲ್ಲ. ಸೀರೆ ಇದೆ. ಇದೆ ಅನ್ನೋದಕ್ಕಿಂತ, ಅದಕ್ಕೆ ಏನಾಯಿತು ಅಂತ ಹೇಳಲಿಕ್ಕೇ ಇಷ್ಟು ಪೀಠಿಕೆ ಹಾಕಿದ್ದು.

ಸೀರೆ ಅಜ್ಜಿಯದ್ದಲ್ಲ, ಅಜ್ಜಿಯ ಅಮ್ಮನದ್ದು. ನಮ್ಮ ಮುತ್ತಜ್ಜಿಯ ಮದುವೆ 1941ರಲ್ಲಿ. ಶಿವಮೊಗ್ಗದ ಪೇಟೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಸೀರೆ. ಅಡಿಕೆಗೆ ಒಳ್ಳೇ ರೇಟು ಬಂದ ವರ್ಷವಂತೆ. ಹಾಲಿನ ಬಿಳುಪು ಮೈ, ಗಾಢ ಕೆಂಪು ಅಂಚು, ಅಂಚಿನಲ್ಲೂ ಸೆರಗಿನಲ್ಲೂ ಅಪ್ಪಟ ಜರಿ. ಉದ್ದ ಹದಿನೆಂಟು ಮೊಳ. ಈಗಿನ ಹುಡುಗಿಯರು ಉಡೋದು ಹನ್ನೆರಡು ಮೊಳ, ಅಂದರೆ ಐದೂವರೆ ಮೀಟರ್. ಆಗ ಮಲೆನಾಡಿನ ನಮ್ಮ ಕಡೆ ಹೆಂಗಸರು ಗೊಬ್ಬೆ ಸೀರೆ ಉಡುತ್ತಿದ್ದರು. ಹೆಗಲ ಮೇಲೆ ಗಂಟು ಹಾಕಿ ನಿಲ್ಲಿಸುವ ಉಡುಗೆ ಅದು. ಗದ್ದೆಗಿಳಿದರೂ ಸರಿ, ಸೊಪ್ಪಿನ ಹೊರೆ ಹೊತ್ತರೂ ಸರಿ, ಸೆರಗು ಕೈಗೆ ಅಡ್ಡ ಬರೋದಿಲ್ಲ. ಅದಕ್ಕೆ ಉದ್ದ ಜಾಸ್ತಿ ಬೇಕು. ಈ ಹೆಚ್ಚಿನ ಆರು ಮೊಳವನ್ನ ನೆನಪಿಟ್ಟುಕೊಳ್ಳಿ, ಕ್ಲೈಮ್ಯಾಕ್ಸಿನಲ್ಲಿ ಕೆಲಸಕ್ಕೆ ಬರುತ್ತೆ!

ಧಾರೆ ಹೊತ್ತಿಗೆ ಉಡುವ ಸೀರೆ ಯಾರ ಮನೆಯದ್ದು ಅನ್ನೋದು ಜಾತಿಗೊಂದು, ಸೀಮೆಗೊಂದು ಪದ್ಧತಿ. ಕೆಲವರಲ್ಲಿ ಗಂಡಿನ ಕಡೆಯವರು ತರ್ತಾರೆ, ಕೆಲವರಲ್ಲಿ ಸೋದರಮಾವ. ನಮ್ಮ ಮನೆಯಲ್ಲಿ ತವರಿನದ್ದು. ತವರಿನದ್ದು ಅಂದ ಮೇಲೆ ತಾಯಿಯದ್ದು. ಹಾಗಾಗಿ ಸೀರೆ ತಾಯಿಯಿಂದ ಮಗಳಿಗೆ ಹೋಗಬೇಕಿತ್ತು. ಹೋಗುವ ಮೊದಲೇ ಒಂದು ವಿಘ್ನ ಬಂತು. 1958ರಲ್ಲಿ ಮುತ್ತಜ್ಜಿಯ ಗಂಡ ತೀರಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು ಗೆಳೆಯರೇ. ತೀರ್ಥಹಳ್ಳಿ ಸೀಮೆಯ ಕಥೆಗಳು ಸಿನಿಮಾ ಆದದ್ದನ್ನ ನೀವು ನೋಡಿದ್ದೀರಿ. ಒಮ್ಮೆ ಬರೀ ಬಟ್ಟೆಯ ಮೇಲೆ ಕಣ್ಣಿಟ್ಟು ಮತ್ತೆ ನೋಡಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಕಾದಂಬರಿಯೇ 1983ರ ‘ಫಣಿಯಮ್ಮ’. ಆಟ ಆಡೋ ವಯಸ್ಸಿನಲ್ಲಿ ಮದುವೆ, ಮದುವೆಯ ಅರಿಶಿನ ಒಣಗುವ ಮೊದಲೇ ವೈಧವ್ಯ. ಇಂದಿರಾ ಅವರದ್ದೇ ಇನ್ನೊಂದು ಕಥೆ ಪುಟ್ಟಣ್ಣನವರ ‘ಗೆಜ್ಜೆಪೂಜೆ’. ನಮ್ಮ ಕಲ್ಪನಾ ಉಟ್ಟ ಸೀರೆಗಳನ್ನ ನೋಡಿ ಊರ ಹೆಣ್ಣುಮಕ್ಕಳು ಅಂಗಡಿಯಲ್ಲಿ ಅಂಥದ್ದೇ ಕೇಳಿದ ಕಾಲ ಅದು. ಆದರೆ ಆ ಚಿತ್ರದ ಚಂದ್ರಾಗೆ ಬೇಕಾಗಿದ್ದದ್ದು ಒಂದೇ ಸೀರೆ, ಧಾರೆ ಸೀರೆ. ಅದೊಂದು ಸಿಗಲಿಲ್ಲ. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಕಥೆಯಿಂದ, ಕೆಸಲೂರಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಮೊದಲ ಚಿತ್ರಕ್ಕೇ ಸ್ವರ್ಣಕಮಲ! 2024ರಲ್ಲಿ ಅದರ ಹಳೇ ಪ್ರಿಂಟನ್ನ ಹೊಸದಾಗಿ ಶುದ್ಧಿ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರ ಯಮುನಾಳನ್ನ ನೆನಪು ಮಾಡಿಕೊಳ್ಳಿ, ಬೋಳು ತಲೆಯಲ್ಲಿ ಒಬ್ಬಳೇ ಮರದ ಕೆಳಗೆ... ನಾನು ಹೆಚ್ಚು ಹೇಳೋದಿಲ್ಲ.

ನಮ್ಮ ಮುತ್ತಜ್ಜಿಯ ತಲೆ ಬೋಳಿಸಲಿಲ್ಲ, ನಮ್ಮ ಜನದಲ್ಲಿ ಆ ಪದ್ಧತಿ ಇರಲಿಲ್ಲ. ಆದರೆ ಕುಂಕುಮ ಹೋಯಿತು, ಬಳೆ ಹೋಯಿತು, ಧಾರೆ ಸೀರೆ ಟ್ರಂಕಿನ ತಳಕ್ಕೆ ಹೋಯಿತು. ನಾಲ್ಕು ವರ್ಷಕ್ಕೆ ಮಗಳ ಮದುವೆ ಗೊತ್ತಾದಾಗ ಹಿರಿಯರು ಅಂದರಂತೆ, ‘ಆ ಸೀರೆ ಬ್ಯಾಡ. ಗಂಡನ್ನ ಕಳಕೊಂಡವಳ ಸೀರೆ. ಹೊಸದು ತರುವ.’ ಹೊಸದು ತರಲಿಕ್ಕೆ ದುಡ್ಡೆಲ್ಲಿ? ಮನೆಗೆ ಗಂಡು ದಿಕ್ಕಿಲ್ಲ.

ಮುತ್ತಜ್ಜಿ ಏನು ಮಾಡಿದಳು ಕೇಳಿ. ಧಾರೆಯ ಹಿಂದಿನ ರಾತ್ರಿ ಸೀರೆಯನ್ನ ಬಾಳೆಲೆಯಲ್ಲಿ ಸುತ್ತಿ ಪಕ್ಕದ ಮನೆಗೆ ಹೋಗಿ ಕೊಟ್ಟು ಬಂದಳು. ಆ ಮನೆಯಾಕೆ ಐದು ಮಕ್ಕಳ ತಾಯಿ, ಹಣೆ ತುಂಬ ಕುಂಕುಮ. ಬೆಳಿಗ್ಗೆ ಆಕೆ ತಟ್ಟೆಯಲ್ಲಿ ಸೀರೆ ಇಟ್ಟು, ಮೇಲೆ ಹೂವು ಹಣ್ಣು ಇಟ್ಟು ಬಂದು, ‘ಇದು ನಮ್ಮನೆ ಉಡುಗೊರೆ’ ಅಂದಳು. ಇಡೀ ಕೇರಿಗೆ ಅದು ಯಾರ ಸೀರೆ ಅಂತ ಗೊತ್ತು. ಹಿರಿಯರಿಗೂ ಗೊತ್ತು. ಮುತ್ತೈದೆ ಕೈಯಿಂದ ಬಂದದ್ದನ್ನ ಬೇಡ ಅನ್ನೋ ಹಾಗಿಲ್ಲ! ಎಲ್ಲರೂ ತೆಪ್ಪಗಾದರು. ನಮ್ಮ ಸ್ಕ್ರೀನ್‌ಪ್ಲೇ ಬರೆಯೋರು ಹೋಟೆಲಿನಲ್ಲಿ ರೂಮು ಹಾಕಿಕೊಂಡು ಹದಿನೈದು ದಿನ ಕೂತರೂ ಇಂಥ ಒಂದು ಸೀನು ಹೊಳೆಯೋದಿಲ್ಲ.

ಮುತ್ತಜ್ಜಿ ಮಾತ್ರ ಧಾರೆ ನೋಡಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ‘ನಂಗೆ ಬಾಗಿಲ ಸಂದಿನಾಗೆ ಅವ್ವನ ಕಾಲು ಕಾಣ್ತಿತ್ತು’ ಅಂತ ಅಜ್ಜಿ ಈಗಲೂ ಹೇಳ್ತಾಳೆ. ಅಷ್ಟೇ ಹೇಳ್ತಾಳೆ, ಮುಂದಕ್ಕೆ ಹೋಗೋದಿಲ್ಲ.

1964ಕ್ಕೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿಗೆ ನೀರು, ಹಿಡಿಯೋದು 151 ಟಿಎಂಸಿ. ಈ ಲೆಕ್ಕ ಶಾಲೆಯ ಮಕ್ಕಳಿಗೂ ಬಾಯಿಪಾಠ. ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟ, ದೇವಸ್ಥಾನ ಎಲ್ಲ ಅದರೊಳಗೆ. 1948ರ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿಹೋಯಿತು ಅಂದ ಮೇಲೆ ಮನುಷ್ಯರ ಮನೆ ಯಾವ ಲೆಕ್ಕ! ಬೇಸಿಗೆಯಲ್ಲಿ ನೀರು ತೀರ ಇಳಿದರೆ ಆ ಹಳೇ ಅಣೆಕಟ್ಟು ಮೇಲೇಳುತ್ತೆ, ಜನ ನೋಡಲಿಕ್ಕೆ ಹೋಗ್ತಾರೆ, ಸೆಲ್ಫಿ ತಕೊಳ್ತಾರೆ. ಅಜ್ಜಿ ಒಮ್ಮೆಯೂ ಹೋಗಲಿಲ್ಲ.

ಈ ಮುಳುಗಡೆಯನ್ನ ಕಣ್ಣಾರೆ ಕಂಡು ಬರೆದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿಕೊಂಡೇ ಬರೆದರು. 2025ರ ಜನವರಿ 5ರಂದು ತೀರಿಕೊಂಡರು. ಅವರ ‘ದ್ವೀಪ’ವನ್ನೇ ಕಾಸರವಳ್ಳಿ ಚಿತ್ರ ಮಾಡಿದ್ದು, ಸೌಂದರ್ಯ ತಾನೇ ದುಡ್ಡು ಹಾಕಿ ತಾನೇ ನಟಿಸಿದ್ದು. ಅದಕ್ಕೂ ಸ್ವರ್ಣಕಮಲ. ‘ಆಪ್ತಮಿತ್ರ’ದ ಸೌಂದರ್ಯ ಗೊತ್ತು, ‘ದ್ವೀಪ’ದ ನಾಗಿ ಗೊತ್ತಿಲ್ಲ ಅನ್ನೋ ಅಭಿಮಾನಿಗಳಿಗೆ ಒಂದೇ ಮಾತು: ಇವತ್ತು ರಾತ್ರಿಯೇ ಹುಡುಕಿ ನೋಡಿ. ಸುತ್ತ ನೀರು ಏರ್ತಾ ಇರುವಾಗ ಮನೆಯನ್ನ ಕೈಯಲ್ಲಿ ಹಿಡಿದು ನಿಲ್ಲಿಸಿಕೊಂಡವಳು ಯಾರು ಅಂತ ಆ ಚಿತ್ರದಲ್ಲಿದೆ. ನಿಲ್ಲಿಸಿಕೊಂಡ ಮೇಲೆ ಅದರ ಹೆಸರು ಯಾರಿಗೆ ಹೋಯಿತು ಅಂತಲೂ ಇದೆ.

ನಮ್ಮವರು ಹೆಂಚು ಇಳಿಸಿದರು, ಕಂಬ ಕಿತ್ತರು, ಬಾಗಿಲು ಕಳಚಿದರು, ಗಾಡಿಗೆ ಹೇರಿದರು. ಪರಿಹಾರದ ದುಡ್ಡು ಗಂಡಸರ ಹೆಸರಿಗೆ ಬಂತು, ಜಮೀನು ಅವರ ಹೆಸರಲ್ಲಿತ್ತಲ್ಲ. ಆ ದುಡ್ಡು ಎರಡು ವರ್ಷದಲ್ಲಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಗಾಡಿಯಲ್ಲಿ ಕೂತದ್ದು ಟ್ರಂಕಿನ ಮೇಲೆ. ‘ಇಳಿಯೇ, ಎತ್ತಿಗೆ ಭಾರ’ ಅಂದರೂ ಇಳಿಯಲಿಲ್ಲವಂತೆ. ಮುತ್ತಜ್ಜಿಯ ಮನೆಯೂ ನೀರಿನಡಿ, ಅಜ್ಜಿಯ ಗಂಡನ ಮನೆಯೂ ನೀರಿನಡಿ. ಮೇಲಿನ ಗುಡ್ಡಕ್ಕೆ ಬಂದು ಸೋಗೆ ಗುಡಿಸಲು ಹಾಕಿದರು. ಆ ಮಳೆಗಾಲ ಟ್ರಂಕನ್ನ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಒಳಗೆ ಲಾವಂಚದ ಬೇರು. ನಮ್ಮ ಮಳೆ ನಿಮಗೆ ಗೊತ್ತಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಬೀಳುತ್ತೆ. ಚರ್ಮದ ಚಪ್ಪಲಿ ವಾರದಲ್ಲಿ ಹಸಿರಾಗುವ ಸೀಮೆಯಲ್ಲಿ ರೇಷ್ಮೆ ಸೀರೆಯನ್ನ ಎಂಬತ್ತು ವರ್ಷ ಉಳಿಸೋದು ಹುಡುಗಾಟ ಅಲ್ಲ.

ಮೂರನೇ ನಾಯಕಿ ನಮ್ಮಮ್ಮ. ತೀರ್ಥಹಳ್ಳಿ ಕಡೆಗೆ ಮದುವೆಯಾಗಿ ಬಂದದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಗೊಬ್ಬೆ ಸೀರೆ ಹೋಗಿ ಎಲ್ಲರೂ ಸಿನಿಮಾದವರ ಹಾಗೆ ನೆರಿಗೆ ಹಿಡಿದು ಉಡುತ್ತಿದ್ದರು. ಹದಿನೆಂಟು ಮೊಳವನ್ನ ನೆರಿಗೆ ಹಿಡಿದು ಸಿಕ್ಕಿಸಿದರೆ ಹೊಟ್ಟೆ ಮುಂದೆ ಬಂದ ಹಾಗೆ ಕಾಣುತ್ತೆ. ಮದುವೆ ಫೋಟೋದಲ್ಲಿ ಅಮ್ಮ ಹಾಗೇ ಕಾಣ್ತಾಳೆ, ನಾವು ಇವತ್ತಿಗೂ ತಮಾಷೆ ಮಾಡ್ತೀವಿ. ಅಮ್ಮನ ಮದುವೆ ಬಗ್ಗೆ ಇದಕ್ಕಿಂತ ಹೆಚ್ಚು ಹೇಳೋದಿಲ್ಲ, ಎಲ್ಲ ಸುಸೂತ್ರವಾಗಿ ನಡೆದ ಮದುವೆಯಲ್ಲಿ ಕಥೆ ಇರೋದಿಲ್ಲ.

ಆದರೆ ಒಂದು ಕಾನೂನಿನ ಮಾತಿದೆ, ಕೇಳಿ. ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನ ಹಕ್ಕು ಅಂತ ಕರ್ನಾಟಕದಲ್ಲಿ ಕಾನೂನು ಬಂದದ್ದು 1994ರ ಜುಲೈ 30ಕ್ಕೆ. ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ! ಅಮ್ಮ ಆರು ವರ್ಷದಲ್ಲಿ ತಪ್ಪಿಸಿಕೊಂಡಳು. 2005ರ ಸೆಪ್ಟೆಂಬರ್ 9ಕ್ಕೆ ಇಡೀ ದೇಶಕ್ಕೆ ತಿದ್ದುಪಡಿ ಬಂದಾಗ ಮದುವೆಯಾದವರಿಗೂ ಬಂತು. ಅಮ್ಮ ಕೇಳಲಿಲ್ಲ. ‘ಅಣ್ಣಂದಿರ ಹತ್ರ ಹೋಗಿ ಪಾಲು ಕೇಳಿದ್ರೆ ಆಮೇಲೆ ತವರಿಗೆ ಹೋಗೂದು ಹೆಂಗೆ?’ ಅಂದಳು. ಹಾಗಾಗಿ ಲೆಕ್ಕ ಹಾಕಿ ನೋಡಿ. ನಮ್ಮ ತಾಯಿ ಕಡೆಯ ಮನೆಯಲ್ಲಿ ಎಂಬತ್ತು ವರ್ಷದಲ್ಲಿ ಹೆಣ್ಣಿನ ಕೈಯಿಂದ ಹೆಣ್ಣಿನ ಕೈಗೆ ಹೋದ ಆಸ್ತಿ ಯಾವುದು? ಗದ್ದೆ ಅಲ್ಲ, ತೋಟ ಅಲ್ಲ, ಪರಿಹಾರದ ದುಡ್ಡು ಅಲ್ಲ. ಒಂದು ಸೀರೆ. ಅದಕ್ಕೆ ಪಹಣಿ ಇಲ್ಲ, ಪಾಲುಪಟ್ಟಿ ಇಲ್ಲ, ಅಣ್ಣತಮ್ಮಂದಿರ ಸಹಿ ಬೇಡ.

ಈಗ ವಿಲನ್ ಎಂಟ್ರಿ.

ಪಾಪ, ಆತ ವಿಲನ್ ಅಲ್ಲ, ಹೊಟ್ಟೆಪಾಡಿನ ಮನುಷ್ಯ. ಬೈಕಿನಲ್ಲಿ ಮೈಕು ಕಟ್ಟಿಕೊಂಡು ‘ಹಳೇ ಜರಿ ಸೀರೆ, ಹಳೇ ರೇಷ್ಮೆ ಸೀರೆ’ ಅಂತ ಕೂಗಿಕೊಂಡು ಬರ್ತಾರಲ್ಲ, ಅವರಲ್ಲೊಬ್ಬ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಮೇಲೆ ಇವರ ಓಡಾಟ ಜಾಸ್ತಿಯಾಯಿತು. ಅಪ್ಪಟ ಜರಿ ಅಂದರೆ ಏನು ಗೊತ್ತಾ? ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತೆಳು ತಂತಿಯನ್ನ ಚಪ್ಪಟೆ ಮಾಡಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. 1912ರಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಯ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಅಗ್ಗದ ಜರಿಯಾದರೆ ಒಳಗೆ ತಾಮ್ರ, ಉಗುರಿನಲ್ಲಿ ಕೆರೆದರೆ ಕೆಂಪಗೆ ಕಾಣುತ್ತೆ. ಈ ವ್ಯಾಪಾರಿಗಳು ಸೀರೆ ಕೊಂಡು ಏನು ಮಾಡ್ತಾರೆ? ಉಡಲಿಕ್ಕಲ್ಲ, ಮಾರಲಿಕ್ಕಲ್ಲ. ಅಂಚು, ಸೆರಗು ಕತ್ತರಿಸಿ ಸುಡ್ತಾರೆ. ರೇಷ್ಮೆ ಬೂದಿಯಾಗುತ್ತೆ, ಬೂದಿ ಕರಗಿಸಿದರೆ ಬೆಳ್ಳಿ ಉಳಿಯುತ್ತೆ.

ಅಕ್ಕನ ಮದುವೆ ಗೊತ್ತಾಗಿತ್ತು. ಗಂಡಿನ ಮನೆ ಸಾಗರ ತಾಲ್ಲೂಕು, ಕರೂರು ಹೋಬಳಿ, ತುಮರಿ ಕಡೆ. ಸಾಗರದಲ್ಲಿ ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕಟ್ಟಬೇಕು. ಆ ವರ್ಷದ ಮಳೆಗೆ ಅಡಿಕೆಗೆ ಕೊಳೆ ಬಂದಿತ್ತು. ಮೈಕಿನವನು ಬಂದ ದಿನ ಅಪ್ಪಯ್ಯ ಅವನನ್ನ ಒಳಗೆ ಕರೆದು ಕೂರಿಸಿ ಚಾ ಕೊಟ್ಟರು. ಅವನು ಒಂದು ಎಳೆ ಕಿತ್ತು, ಉಗುರಿನಲ್ಲಿ ಕೆರೆದು, ಲೈಟರಿನಲ್ಲಿ ಸುಟ್ಟು ನೋಡಿದ. ತೂಕ ಹಾಕಿದ. ‘ಹದಿನಾಲ್ಕು ಸಾವಿರ ಕೊಡ್ತೀನಿ ಯಜಮಾನ್ರೆ, ಇಂಥ ಜರಿ ಈಗ ಸಿಗಲ್ಲ’ ಅಂದ. ನ್ಯಾಯವಾದ ರೇಟು ಅಂತ ನಾನು ಆಮೇಲೆ ವಿಚಾರಿಸಿ ತಿಳಿದೆ.

ಅಪ್ಪಯ್ಯನಿಗೆ ಮನಸ್ಸಿತ್ತು. ಅವರದ್ದು ತಪ್ಪು ಅನ್ನಲಿಕ್ಕೆ ನನ್ನ ಕೈಲಾಗೋದಿಲ್ಲ. ಮಡಿಕೆ ಬಿಡಿಸಿದರೆ ಸೀರೆಯ ಮೈ ಒಣಗಿದ ಎಲೆ ಹಾಗೆ ಸೀಳುತ್ತಿತ್ತು. ಹಳೇ ರೇಷ್ಮೆಯ ಹಣೆಬರಹ ಅದು, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯ ಗೆರೆಯಲ್ಲೇ ಕತ್ತರಿಸಿ ಹೋಗುತ್ತೆ. ‘ಉಡಲಿಕ್ಕಂತೂ ಆಗದಿಲ್ಲ. ಹದಿನಾಲ್ಕು ಸಾವಿರ ಮದುವೆ ಖರ್ಚಿಗಾದರೂ ಆಗ್ತದೆ’ ಅಂದರು. ಅಮ್ಮ ಮಾತಾಡಲಿಲ್ಲ. ಅಕ್ಕ ಅಡುಗೆಮನೆಯಿಂದ ಬಂದು ತಕ್ಕಡಿಯಿಂದ ಸೀರೆ ಎತ್ತಿಕೊಂಡು ಒಳಗೆ ಹೋದಳು. ಅಷ್ಟೇ! ಡೈಲಾಗ್ ಇಲ್ಲ. ಮೈಕಿನವನು ಚಾ ಕುಡಿದು ಎದ್ದು ಹೋದ.

(ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದು ಇದ್ದೀತು. ಅಮ್ಮನ್ನ ಕೇಳಿ ನೋಡಿ. ನುಸಿಗುಳಿಗೆ ಜರಿಗೆ ತಾಗಿಸಬೇಡಿ, ಜರಿ ಕಪ್ಪಾಗುತ್ತೆ. ಪ್ಲಾಸ್ಟಿಕ್ ಕವರ್ ಬೇಡ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಾಯಿಸಿ. ಹೀರೋ ಪೋಸ್ಟರಿಗೆ ಹಾಲಿನ ಅಭಿಷೇಕ ಮಾಡುವವರಿಗೆ ಇಷ್ಟು ಕೆಲಸ ಕಷ್ಟ ಅಲ್ಲ.)

ಅಕ್ಕ ಸೀರೆಯನ್ನ ಸಾಗರಕ್ಕೆ ಒಯ್ದಳು. ಅಲ್ಲಿ ಸೀರೆಗೆ ರಫ್ಫು ಹಾಕೋ ಒಬ್ಬರು ಹಿರಿಯರಿದ್ದಾರೆ. ಅವರು ಕನ್ನಡಕ ಏರಿಸಿ ಅಂಗುಲ ಅಂಗುಲವಾಗಿ ನೋಡಿ, ‘ಮೈ ಹೋಗಿದೆ ತಂಗೀ, ಅಂಚು ಗಟ್ಟಿ ಇದೆ’ ಅಂದರು. ಅಂಚು ಬಿಚ್ಚಿ ಹೊಸ ರೇಷ್ಮೆಗೆ ಹೊಲಿಯಬಹುದು. ಹನ್ನೆರಡು ಮೊಳದ ಸೀರೆಗೆ ಎರಡೂ ಕಡೆ ಸೇರಿ ಇಪ್ಪತ್ತನಾಲ್ಕು ಮೊಳ ಅಂಚು ಬೇಕು. ಹಳೆಯದರಲ್ಲಿ ಇದ್ದದ್ದು ಮೂವತ್ತಾರು. ಮಡಿಕೆಯಲ್ಲಿ ಸೀಳಿ ಹಾಳಾದದ್ದು ಎಂಟು. ಉಳಿದದ್ದು ಇಪ್ಪತ್ತೆಂಟು! ಗೊಬ್ಬೆ ಉಡಲಿಕ್ಕೆ ಅಂತ ಮುತ್ತಜ್ಜಿಗೆ ತಂದ ಹೆಚ್ಚಿನ ಉದ್ದ ಮೊಮ್ಮಗಳ ಮಗಳ ಕಾಲಕ್ಕೆ ಹೀಗೆ ಕೆಲಸಕ್ಕೆ ಬಂತು. ಸೆರಗನ್ನ ಹಾಗೇ ಇಡಿಯಾಗಿ ಜೋಡಿಸಿದರು. ಬಿಯಾಟ್ರಿಸ್‌ಗೆ ರಾಜಮನೆತನದ ದರ್ಜಿಗಳು ಮಾಡಿದ್ದೂ ಇದೇ ಕೆಲಸ ಅಲ್ಲವಾ? ನಮ್ಮ ಹಿರಿಯರು ಕೇಳಿದ್ದು ಮೂರು ವಾರ, ತಕೊಂಡದ್ದು ಐದು. ಮಜೂರಿ ಹೇಳೋದಿಲ್ಲ, ಅಪ್ಪಯ್ಯ ಈ ಪತ್ರಿಕೆ ಓದ್ತಾರೆ.

ಎಲ್ಲ ಸರಿಹೋಯಿತು ಅನ್ನುವಾಗ 1962ರ ಸೀನು ಮತ್ತೆ ಬಂತು. ಮದುವೆಗೆ ಎಂಟು ದಿನ ಇರುವಾಗ ಅಪ್ಪಯ್ಯನ ಅಕ್ಕ, ನಮ್ಮ ಅತ್ತೆ, ಊಟದ ಹೊತ್ತಿಗೆ ಮಾತು ತೆಗೆದರು. ಆ ಸೀರೆ ಉಟ್ಟ ಮೊದಲನೆಯವಳೂ ಗಂಡನ್ನ ಕಳಕೊಂಡಳು, ಎರಡನೆಯವಳೂ ಕಳಕೊಂಡಳು (ಅಜ್ಜಯ್ಯ ಹೋದದ್ದು 2013ರಲ್ಲಿ), ಬೇಕಾ ಅದು ನಮ್ಮ ಹುಡುಗಿಗೆ ಅಂತ. ಅಜ್ಜಿ ಅಲ್ಲೇ ಕೂತು ಉಣ್ಣುತ್ತಿದ್ದಳು. ಕೈ ನಿಂತಿತು.

ಅಕ್ಕ ಬಡಿಸೋದು ನಿಲ್ಲಿಸದೇ ಕೇಳಿದಳು, ‘ಹಂಗಾದ್ರೆ ಅತ್ತೇ, ಧಾರೆ ಹೊತ್ತಿಗೆ ಅಜ್ಜಿ ಎಲ್ಲಿರಬೇಕು?’

ಅತ್ತೆ ಏನೂ ಹೇಳಲಿಲ್ಲ.

‘ಅಡುಗೆಮನೆ ಬಾಗಿಲ ಹಿಂದೆ ಅಂತಾದ್ರೆ ನಾನೂ ಅಲ್ಲೇ ಇರ್ತೀನಿ. ಧಾರೆ ಅಲ್ಲೇ ಎರೀಲಿ.’

ಇಂಥ ಡೈಲಾಗಿಗೆ ಥಿಯೇಟರಿನಲ್ಲಾದರೆ ಶಿಳ್ಳೆ ಬೀಳುತ್ತೆ. ನಮ್ಮನೆಯಲ್ಲಿ ಯಾರೂ ಶಿಳ್ಳೆ ಹೊಡೆಯಲಿಲ್ಲ. ಅಪ್ಪಯ್ಯ ‘ಮಜ್ಜಿಗೆ ಹಾಕು’ ಅಂದರು. ಅತ್ತೆ ಕೆಟ್ಟವರಲ್ಲ, ಹೇಳಬೇಕಾದ್ದನ್ನ ಹೇಳದೇ ಹೋದರೆ ನಾಳೆ ಏನಾದರೂ ಆದರೆ ಅನ್ನೋ ಹೆದರಿಕೆ. ಮಾರನೇ ದಿನ ಅವರೇ ಅಜ್ಜಿಗೆ ಒಂದು ಹೊಸ ಸೀರೆ ತಂದುಕೊಟ್ಟರು.

2025ರ ನವೆಂಬರ್ ಕೊನೆಗೆ ಮದುವೆಯಾಯಿತು. ಮೊದಲಾಗಿದ್ದರೆ ತುಮರಿ ಕಡೆಯ ದಿಬ್ಬಣ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆ ಲಾಂಚು ತಪ್ಪಿದರೆ ಮದುಮಕ್ಕಳೂ ದಂಡೆಯಲ್ಲೇ ಉಳಿಯಬೇಕು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತಲ್ಲ, ಎರಡೂಕಾಲು ಕಿಲೋಮೀಟರಿಗೂ ಉದ್ದ, ಈಗ ಹಿನ್ನೀರಿನ ಮೇಲೆ ಬಸ್ಸೇ ಓಡುತ್ತೆ. ದಿಬ್ಬಣದ ಬಸ್ಸುಗಳು ಹಾಡು ಹಾಕಿಕೊಂಡು ಬಂದವು. ಅಂದ ಹಾಗೆ, ಈ ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಹರಿಯೋದು ಹೊಸನಗರ, ಸಾಗರದ ಮೇಲೆ. ನಮ್ಮ ಸೀರೆಯೂ ಈ ಮೂರೇ ಊರು ಸುತ್ತಿದ್ದು.

ಮಂಟಪದಲ್ಲಿ ಅಕ್ಕನ ಹಣೆಗೆ ಕಟ್ಟಿದ್ದು ಸಾಗರದ ಗುಡಿಗಾರರು ಬೆಂಡಿನಲ್ಲಿ ಮಾಡಿದ ಬಾಸಿಂಗ. ಅದು ಒಂದು ದಿನದ್ದು. ಸೀರೆಯ ತಟ್ಟೆಯನ್ನ ಯಾವ ಪಕ್ಕದ ಮನೆಯವರೂ ತರಲಿಲ್ಲ. ಅಜ್ಜಿಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಕೊಟ್ಟಳು. ಧಾರೆ ಮುಗಿಯುವ ತನಕ ಮಂಟಪದ ಕಂಬಕ್ಕೆ ಒರಗಿ ಕುರ್ಚಿಯಲ್ಲಿ ಕೂತಿದ್ದಳು. ವಿಡಿಯೋದವನು ನಾಲ್ಕು ಸಲ ‘ಅಜ್ಜೀ, ಸ್ವಲ್ಪ ಆ ಕಡೆ ಸರೀರಿ, ಫ್ರೇಮಿಗೆ ಬರ್ತೀರಿ’ ಅಂದ. ಸರಿಯಲಿಲ್ಲ. ಇಡೀ ಧಾರೆಯ ವಿಡಿಯೋದಲ್ಲಿ ಮೂಲೆಯಲ್ಲಿ ಅಜ್ಜಿ ಇದ್ದಾಳೆ.

ಅಂಚು ಬಿಚ್ಚಿದ ಮೇಲೆ ಉಳಿದ ಮೈಬಟ್ಟೆ ಇತ್ತಲ್ಲ, ಅದನ್ನ ಏನು ಮಾಡೋದು ಅಂತ ಅಮ್ಮ ಕೇಳಿದಳು. ನಾನು ಜಾಣನ ಹಾಗೆ, ಚೌಕ ಕತ್ತರಿಸಿ ಫ್ರೇಮು ಹಾಕಿಸಿದರೆ ಹೇಗೆ ಅಂದೆ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ‘ಅದು ನಂದು. ಟ್ರಂಕಿನಾಗೆ ಇಡು’ ಅಂದಳು.

‘ಎಂತಕ್ಕಜ್ಜೀ?’

‘ಹೊದೆಸೂಕೆ. ಹೋದಾಗ ಮೇಲೆ ಹೊದೆಸಿ ಕಳಸಿ. ಬೆಳ್ಳಿ ಎಲ್ಲ ಹುಡುಗಿ ಸೀರೆಗೆ ಹೋಯ್ತಲ, ಸುಟ್ರೆ ನಷ್ಟ ಇಲ್ಲೆ.’

ಆಮೇಲೆ ಹದಿನಾಲ್ಕು ಸಾವಿರದವನು ಈಗ ಎಷ್ಟಕ್ಕೆ ಕೇಳ್ತಾನಂತೆ ಅಂತ ವಿಚಾರಿಸಿದಳು. ಬೆಳ್ಳಿ ಇನ್ನೂ ಏರಿದೆ ಅಜ್ಜೀ ಅಂದೆ. ‘ಏರ್ಲಿ’ ಅಂದು ಎಲೆಅಡಿಕೆ ಚೀಲ ಬಿಚ್ಚಿದಳು.